ಪೇಟೆಯ ಎರಡನೇ ಅಂಗಡಿ

ಸಾಗರದಂಥ ಊರಿನಲ್ಲಿ ಮೊದಲು ಅಂಗಡಿ ಹಾಕಿದವರಿಗೆ ಒಂದು ಹಕ್ಕು ತಾನಾಗಿಯೇ ಬಂದುಬಿಡುತ್ತದೆ. ಜವಳಿಗೆ ಇಂಥ ಅಂಗಡಿ, ಮದುವೆ ದಿನಸಿಗೆ ಇಂಥ ಅಂಗಡಿ, ಪಂಪ್‌ಸೆಟ್ ಕೆಟ್ಟರೆ ಇಂಥವರು ಎಂದು ಮನೆಮನೆಯಲ್ಲೂ ಖಾಯಂ ಆಗಿರುತ್ತದೆ. ಅಪ್ಪ ಹೋಗುತ್ತಿದ್ದಲ್ಲಿಗೇ ಮಗನೂ ಹೋಗುತ್ತಾನೆ. ಸಾಲ ಬರೆಸಿದ್ದರೆ ಅಡಕೆ ಮಂಡಿಗೆ ಹೋದ ಮೇಲೆ ಬಂದು ತೀರಿಸುತ್ತಾನೆ. ಕಂಪ್ಯೂಟರಿಗೂ ಅಂಥದೊಂದು ಅಂಗಡಿ ಪೇಟೆಯ ನಡುವೆ ವಿಂಡೋಸ್ 98ರ ಕಾಲದಿಂದ ಇತ್ತು. ನಾನು 2008ರಲ್ಲಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಮೆಟ್ಟಿಲು ಹತ್ತಿ ಹೋಗುವ ಒಂದು ರೂಮನ್ನು ಬಾಡಿಗೆಗೆ ಹಿಡಿದಾಗ, ಊರಿನ ಎರಡನೇ ಅಂಗಡಿಯವನಾದೆ.

ಮೊದಲನೆಯ ಅಂಗಡಿಯ ಯಜಮಾನರನ್ನು ಪೇಟೆಯೆಲ್ಲ ಅಣ್ಣ ಎನ್ನುತ್ತದೆ. ನಾನೂ ಹಾಗೇ ಅನ್ನುತ್ತೇನೆ. ಪಹಣಿ ಕೈಬರಹ ಬಿಟ್ಟು ಕಂಪ್ಯೂಟರಿನಲ್ಲಿ ಬರತೊಡಗಿದ ದಿನಗಳಲ್ಲಿ, ಆ ಪೆಟ್ಟಿಗೆಯನ್ನು ಮುಟ್ಟಿದರೆ ಏನಾದರೂ ಆದೀತು ಎಂದು ಅಂಜುತ್ತಿದ್ದ ಊರಿಗೆ ಅದನ್ನು ಬಳಕೆ ಮಾಡಿಸಿದವರು ಅವರು. ಮಂಡಿ ಗುಮಾಸ್ತರಿಗೆ ಟ್ಯಾಲಿ ಹೇಳಿಕೊಟ್ಟರು, ಶಾಲೆಗಳಿಗೆ ಲ್ಯಾಬ್ ಹಾಕಿಕೊಟ್ಟರು, ಸಹಕಾರ ಸಂಘಗಳ ಲೆಕ್ಕವನ್ನು ಖಾತೆ ಪುಸ್ತಕದಿಂದ ಸ್ಕ್ರೀನಿಗೆ ತಂದರು. ವರ್ಷದ ನಿರ್ವಹಣೆಯ ಗುತ್ತಿಗೆ, ಅಂದರೆ ಎಎಂಸಿ, ಎಲ್ಲವೂ ಅವರದೇ. ಕೈಕೆಳಗೆ ಹುಡುಗರಿದ್ದರು, ಓಡಾಡಲು ವ್ಯಾನಿತ್ತು, ದೊಡ್ಡ ಕಂಪನಿಗಳ ಡೀಲರ್‌ಶಿಪ್ ಇತ್ತು. ಅವರ ಎದುರು ನನ್ನ ಹತ್ತಿರ ಇದ್ದದ್ದು ಡಿಪ್ಲೊಮಾದ ಎಲೆಕ್ಟ್ರಾನಿಕ್ಸ್, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕಲಿತ ಕೆಲಸ, ಒಂದು ಬೆಸುಗೆ ಕಡ್ಡಿ, ಒಂದು ಮಲ್ಟಿಮೀಟರ್.

ಸಲಹೆ ಕೊಡುವವರಿಗೆ ಕೊರತೆಯಿರಲಿಲ್ಲ. ಎಲ್ಲರದೂ ಒಂದೇ ಮಾತು: ದರ ಇಳಿಸು. ಅವರು ಫಾರ್ಮ್ಯಾಟ್ ಮಾಡಲಿಕ್ಕೆ ಮುನ್ನೂರು ಅಂದರೆ ನೀನು ಇನ್ನೂರು ಅನ್ನು, ಗಿರಾಕಿ ತಾನಾಗಿ ಮೆಟ್ಟಿಲು ಹತ್ತುತ್ತಾನೆ ಎಂದು ಬಂಧುಗಳೂ ಗೆಳೆಯರೂ ಹೇಳಿದರು. ನಾನು ಇಳಿಸಲಿಲ್ಲ. ಯಾಕೆಂದರೆ ದರ ಇಳಿಸುವ ಪೈಪೋಟಿ ಕೊನೆಗೆ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಬೆಂಗಳೂರಿನಲ್ಲಿ ಕಣ್ಣಾರೆ ಕಂಡಿದ್ದೆ.

ಸಾದರ ಪತ್ರಪ್ಪ ರಸ್ತೆ ಎಂದು ಪೂರ್ತಿ ಹೆಸರು ಹೇಳಿದರೆ ಆಟೋದವರೂ ಒಂದು ಗಳಿಗೆ ಯೋಚಿಸುತ್ತಾರೆ, ಎಸ್.ಪಿ. ರೋಡ್ ಅಂದರೆ ಎಲ್ಲರಿಗೂ ಗೊತ್ತು. ಟೌನ್‌ಹಾಲಿನ ಹಿಂದೆ, ಸಿಟಿ ಮಾರ್ಕೆಟ್ಟಿನ ಮಗ್ಗುಲಲ್ಲಿ ಒಂದರ ಮೈಗೆ ಒಂದು ತಾಗಿದ ಸಣ್ಣ ಸಣ್ಣ ಅಂಗಡಿಗಳು. ಅಲ್ಲಿ ಒಂದೇ ಕಟ್ಟಡದ ಎರಡು ಅಂಗಡಿಗಳು ಹತ್ತು ಹತ್ತು ರೂಪಾಯಿ ಇಳಿಸುತ್ತಾ ಹೋದದ್ದನ್ನು ನೋಡಿದ್ದೇನೆ. ಇಳಿಸಲು ಜಾಗವೇ ಉಳಿಯದಾಗ ಕೈ ಹಾಕುವುದು ಮಾಲಿಗೆ. ಕಂಪ್ಯೂಟರಿಗೆ ಕರೆಂಟು ಕೊಡುವ ಎಸ್‌ಎಂಪಿಎಸ್ ಒಂದನ್ನೇ ತೆಗೆದುಕೊಳ್ಳಿ. ಡಬ್ಬಿಯ ಮೇಲೆ 450 ವ್ಯಾಟ್ ಎಂದು ಚೀಟಿ ಇರುತ್ತದೆ. ಒಳಗೆ ಕರೆಂಟಿನ ಏರುಪೇರು ತಡೆಯುವ ಕಾಯಿಲ್ ಇರಬೇಕಾದ ಕಡೆ ಬರೀ ಒಂದು ತುಂಡು ತಂತಿ ಹಾಕಿ ಬೆಸೆದಿರುತ್ತಾರೆ. ಟ್ರಾನ್ಸ್‌ಫಾರ್ಮರ್ ಸಣ್ಣದು, ಹೀಟ್‌ಸಿಂಕ್ ಕಾಗದದಷ್ಟು ತೆಳ್ಳಗೆ. ನನಗೆ ಕೆಲಸ ಕಲಿಸಿದ ಹಿರಿಯ ಮೆಕ್ಯಾನಿಕ್ ಚೀಟಿ ಓದಲು ಬಿಡುತ್ತಿರಲಿಲ್ಲ, ‘ಕೈಯಲ್ಲಿ ಎತ್ತಿ ನೋಡು’ ಎನ್ನುತ್ತಿದ್ದರು. ಒಳ್ಳೆಯದಕ್ಕೆ ತೂಕವಿರುತ್ತದೆ. ಇವತ್ತಿಗೂ ನಾನು ಎಸ್‌ಎಂಪಿಎಸ್ ಕೊಳ್ಳುವಾಗ ಮೊದಲು ಎತ್ತಿ ನೋಡುತ್ತೇನೆ. ಹಗುರ ಮಾಲು ತಂದು ಗಿರಾಕಿಯ ಮನೆಯಲ್ಲಿ ಕೂರಿಸಿ ನೂರು ರೂಪಾಯಿ ಕಮ್ಮಿ ತೆಗೆದುಕೊಂಡರೆ, ಮಳೆಗಾಲದ ಮೊದಲ ಗುಡುಗಿಗೆ ಅದು ತಾನೂ ಹೋಗಿ ಮದರ್‌ಬೋರ್ಡನ್ನೂ ಕರೆದುಕೊಂಡು ಹೋಗುತ್ತದೆ. ಹಾಗಾಗಿ ಅಣ್ಣನ ಅಂಗಡಿಯ ದರವೇ ನನ್ನ ದರ ಎಂದು ತೀರ್ಮಾನಿಸಿದೆ. ಬೇರೆ ಮಾಡಬೇಕಾದದ್ದನ್ನು ಬೇರೆ ಕಡೆ ಮಾಡಬೇಕು ಅನ್ನಿಸಿತು.

ದೊಡ್ಡ ಅಂಗಡಿಯಲ್ಲಿ ರಿಪೇರಿ ನಡೆಯುವುದು ಪರದೆಯ ಹಿಂದೆ. ಸಿಪಿಯು ಬಿಟ್ಟು ಚೀಟಿ ಹಿಡಿದುಕೊಂಡು ಬಂದರೆ ಮೂರು ದಿನ ಬಿಟ್ಟು ಫೋನ್ ಬರುತ್ತದೆ: ಬೋರ್ಡ್ ಹೋಗಿದೆ, ಹೊಸದು ಹಾಕಬೇಕು. ದಿನಕ್ಕೆ ಅಷ್ಟು ಕೆಲಸ ಬರುವ ಕಡೆ ಬೇರೆ ರೀತಿ ಮಾಡುವುದು ಕಷ್ಟವೇ, ಅದರಲ್ಲಿ ಮೋಸವಿಲ್ಲ. ಆದರೆ ಗಿರಾಕಿಗೆ ಏನೂ ಕಂಡಿರುವುದಿಲ್ಲ. ಏನು ಕೆಟ್ಟಿತ್ತು, ಏನು ಹಾಕಿದರು, ತೆಗೆದದ್ದು ಎಲ್ಲಿ ಹೋಯಿತು ಎಂಬುದು ತಿಳಿಯದೆ ಕೊಡುವ ಹಣ ಮನಸ್ಸಿನಲ್ಲಿ ಕೊರೆಯುತ್ತಲೇ ಇರುತ್ತದೆ. ನನ್ನದು ಒಂದೇ ರೂಮು, ಪರದೆ ಹಾಕಲು ಜಾಗವಿಲ್ಲ. ಮೇಜಿನ ಆಚೆಗೊಂದು ಕುರ್ಚಿ ಹಾಕಿದೆ. ಬಂದವರನ್ನು ಕೂರಿಸಿ ಅವರ ಕಣ್ಣೆದುರೇ ಕ್ಯಾಬಿನೆಟ್ ಬಿಚ್ಚತೊಡಗಿದೆ. ತೆಗೆದ ಭಾಗವನ್ನು ಕವರಿಗೆ ಹಾಕಿ ಅವರ ಕೈಗೇ ಕೊಡುವುದು ರೂಢಿಯಾಯಿತು.

ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರೊಬ್ಬರು ಪೆಂಟಿಯಮ್ 4 ಸಿಪಿಯುವನ್ನು ಬೈಕಿನ ಹಿಂದೆ ಕಟ್ಟಿಕೊಂಡು ಬಂದಿದ್ದರು. ಆನ್ ಆಗುತ್ತದೆ, ಹತ್ತು ನಿಮಿಷಕ್ಕೆ ತಾನೇ ರೀಸ್ಟಾರ್ಟ್ ಆಗುತ್ತದೆ. ವೈರಸ್ ಎಂದು ಎರಡು ಸಲ ಫಾರ್ಮ್ಯಾಟ್ ಆಗಿತ್ತಂತೆ. ಆಮೇಲೆ ಬೋರ್ಡೇ ಬದಲಿಸಬೇಕು ಎಂಬ ಮಾತು ಬಂದಿತ್ತಂತೆ. ಬಿಚ್ಚಿ ಟಾರ್ಚ್ ಹಿಡಿದೆ. ಪ್ರೊಸೆಸರಿನ ಪಕ್ಕದಲ್ಲಿ ಸಾಲಾಗಿ ನಿಂತ ಕೆಪಾಸಿಟರುಗಳ ತಲೆ ನಾಣ್ಯದ ಹಾಗೆ ಚಪ್ಪಟೆ ಇರಬೇಕು. ಮೂರರ ತಲೆ ಉಬ್ಬಿತ್ತು; ಒಂದರ ತಲೆ ಬಿರಿದು ಕಂದು ರಸ ಒಸರಿ ಒಣಗಿತ್ತು.

‘ಇದಾ ಕಾರಣ?’ ಎಂದು ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು.

‘ಇದೇ ಸರ್. ತಲೆ ಮೇಲೆ ಗೀಟು ಕೊರೆದಿದ್ದಾರೆ ನೋಡಿ, ಒಳಗೆ ಗ್ಯಾಸ್ ತುಂಬಿದಾಗ ಅಲ್ಲೇ ಬಿರೀಲಿ ಅಂತ. ಪ್ರೊಸೆಸರಿಗೆ ಹೋಗೋ ಕರೆಂಟು ಇವು ಸರಿ ಇದ್ದರೆ ಮಾತ್ರ ಸಮನಾಗಿ ಹೋಗೋದು.’

2000ದ ಆಚೀಚಿನ ಕೆಲವು ವರ್ಷ ಜಗತ್ತಿನ ಎಲ್ಲೆಡೆ ಹೀಗೇ ಆಯಿತು. ಒಳಗಿನ ದ್ರವ ಕಳಪೆಯಾಗಿದ್ದ ಕೆಪಾಸಿಟರುಗಳು ಲಕ್ಷಗಟ್ಟಲೆ ಬೋರ್ಡುಗಳಿಗೆ ಸೇರಿಹೋದವು. ಎರಡು ಮೂರು ವರ್ಷ ಓಡಿ ಒಂದೊಂದಾಗಿ ಉಬ್ಬಿದವು. ಮೇಷ್ಟ್ರಿಗೆ ಅದನ್ನೆಲ್ಲ ಹೇಳುತ್ತಲೇ ಹಳೆಯವನ್ನು ಕಿತ್ತು 6.3 ವೋಲ್ಟಿನ 1000 ಮೈಕ್ರೊಫ್ಯಾರಡ್ ಹೊಸವನ್ನು ಕೂರಿಸಿದೆ. ಬೋರ್ಡಿನ ಗ್ರೌಂಡ್ ಪದರ ಶಾಖವನ್ನೆಲ್ಲ ಎಳೆದುಕೊಳ್ಳುವುದರಿಂದ ಅಲ್ಲಿ ಸೀಸ ಬೇಗ ಕರಗುವುದಿಲ್ಲ. ಕಡ್ಡಿ ಹಿಡಿದು ತಾಳ್ಮೆಯಿಂದ ಕಾಯಬೇಕು. ಬಿಲ್ಲಿನಲ್ಲಿ ಸಾಮಾನಿಗೆ ನಲವತ್ತು, ಕೂಲಿಗೆ ಮುನ್ನೂರು ಎಂದು ಬೇರೆ ಬೇರೆ ಬರೆದೆ. ಕೂಲಿಯನ್ನು ಸಾಮಾನಿನ ಬೆಲೆಯಲ್ಲಿ ಅಡಗಿಸುವ ಪದ್ಧತಿ ನನಗೆ ಸೇರುವುದಿಲ್ಲ. ಮೇಷ್ಟ್ರು ಚೌಕಾಸಿ ಮಾಡಲಿಲ್ಲ. ಉಬ್ಬಿದ ನಾಲ್ಕು ಕೆಪಾಸಿಟರುಗಳನ್ನು ಜೇಬಿಗೆ ಹಾಕಿಕೊಂಡು ಹೋಗಿ ಹತ್ತನೇ ಕ್ಲಾಸಿನಲ್ಲಿ ತೋರಿಸಿದರಂತೆ. ಆ ವರ್ಷ ನನ್ನ ಮೆಟ್ಟಿಲು ಹತ್ತಿದವರಲ್ಲಿ ಅರ್ಧಕ್ಕರ್ಧ ಆ ಕ್ಲಾಸಿನ ಮಕ್ಕಳ ಅಪ್ಪ ಅಮ್ಮಂದಿರೇ.

ಮಲೆನಾಡಿನಲ್ಲಿ ಈ ಕಸುಬಿಗೆ ಮಳೆ ನಕ್ಷತ್ರಗಳೇ ಕ್ಯಾಲೆಂಡರು. ಭರಣಿ, ಕೃತ್ತಿಕೆಯ ಗುಡುಗು ಶುರುವಾದರೆ ಕೆಲಸ ಮೈಮೇಲೆ ಬೀಳುತ್ತದೆ. ಸಿಡಿಲು ಮನೆಗೇ ಹೊಡೆಯಬೇಕೆಂದಿಲ್ಲ. ದೂರದ ತೋಟದಲ್ಲಿ ಬಿದ್ದರೂ ಲ್ಯಾಂಡ್‌ಲೈನಿನ ತಾಮ್ರದ ತಂತಿ ಹಿಡಿದು ಮೋಡೆಮ್ಮಿಗೆ ಬರುತ್ತದೆ. ಅಲ್ಲಿಂದ ಲ್ಯಾನ್ ಕೇಬಲ್ ಮೂಲಕ ಬೋರ್ಡಿನ ಲ್ಯಾನ್ ಚಿಪ್ ಸುಡುತ್ತದೆ. ಎಷ್ಟೋ ಸಲ ಸುಟ್ಟಿರುವುದು ಅದೊಂದೇ. ಬಯಾಸಿನಲ್ಲಿ ಅದನ್ನು ಬಂದ್ ಮಾಡಿ ಬೇರೊಂದು ಲ್ಯಾನ್ ಕಾರ್ಡ್ ಸಿಕ್ಕಿಸಿದರೆ ಯಂತ್ರ ಇನ್ನೂ ನಾಲ್ಕು ವರ್ಷ ಓಡುತ್ತದೆ. ಆರಿದ್ರಾ, ಪುಷ್ಯದ ಹೊತ್ತಿಗೆ ಕಾಯಿಲೆಯೇ ಬೇರೆ. ತೇವ ಹಿಡಿದು ರ‍್ಯಾಮಿನ ಹಲ್ಲುಗಳು ಮಂಕಾಗುತ್ತವೆ, ಡಿಸ್‌ಪ್ಲೇ ಬರುವುದಿಲ್ಲ, ಯಂತ್ರ ಬೀಪ್ ಬೀಪ್ ಎಂದು ಕೂಗುತ್ತದೆ. ಮಕ್ಕಳ ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿದರೆ ಸರಿ. ಇದಕ್ಕೆ ನಾನು ದುಡ್ಡು ಕೇಳುವುದಿಲ್ಲ, ಮನೆಯಲ್ಲೇ ಮಾಡುವುದನ್ನು ತೋರಿಸಿ ಕಳಿಸುತ್ತೇನೆ.

ಕ್ಯಾಬಿನೆಟ್ ಮುಟ್ಟಿದರೆ ಜುಂ ಅನ್ನುತ್ತದೆ ಎಂಬ ದೂರಂತೂ ವರ್ಷವಿಡೀ. ತಾಲ್ಲೂಕಿನ ಬಹಳಷ್ಟು ಕಡೆ ನೆಲ ಜಂಬಿಟ್ಟಿಗೆಯದು, ಬೇಸಿಗೆಯಲ್ಲಿ ಒಣಗಿ ಕಲ್ಲಾಗುತ್ತದೆ. ಅರ್ಥಿಂಗ್ ಗುಂಡಿಗೆ ಇದ್ದಿಲು ಉಪ್ಪು ಹಾಕಿ ನೀರು ಹನಿಸದಿದ್ದರೆ ಆ ತಂತಿ ಇದ್ದೂ ಇಲ್ಲದ ಹಾಗೆ. ಹಳೆಯ ಮನೆಗಳಲ್ಲಿ ಮೂರನೇ ತಂತಿಯೇ ಇರುವುದಿಲ್ಲ. ಅರ್ಥ್ ಇಲ್ಲದಿದ್ದಾಗ ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರುಗಳಿಂದಾಗಿ ಕ್ಯಾಬಿನೆಟ್ಟಿನ ತಗಡು ಸುಮಾರು 110 ವೋಲ್ಟಿನಲ್ಲಿ ತೇಲುತ್ತಿರುತ್ತದೆ. ಮೀಟರ್ ಇಟ್ಟು ಆ ಅಂಕಿ ತೋರಿಸಿದರೆ ಮನೆಯವರು ಹೌಹಾರುತ್ತಾರೆ. ಅದು ಜೀವ ತೆಗೆಯುವಷ್ಟು ಕರೆಂಟು ಹರಿಸುವುದಿಲ್ಲ ಎಂದು ಮೊದಲು ಸಮಾಧಾನ ಹೇಳಿ, ಆಮೇಲೆ ಎಲೆಕ್ಟ್ರಿಷಿಯನ್ನನ್ನು ಕರೆಸುತ್ತೇನೆ. ಸಿಪಿಯು ಕೆಟ್ಟಿದೆ ಎಂದು ಕರೆದ ಮನೆಯಲ್ಲಿ ಅರ್ಥಿಂಗ್ ಸರಿಮಾಡಿಸಿ, ಸಿಪಿಯು ಮುಟ್ಟದೆ ವಾಪಸು ಬಂದದ್ದುಂಟು. ಆ ಮನೆಗಳು ಇವತ್ತಿಗೂ ನನ್ನ ಖಾಯಂ ಮನೆಗಳು.

ಗಿರಾಕಿ ನಿಲ್ಲುವುದಕ್ಕೆ ಇನ್ನೊಂದು ಕಾರಣ ಡೇಟಾ. ಫಾರ್ಮ್ಯಾಟ್ ಅನ್ನುವುದು ಈ ಕಸುಬಿನಲ್ಲಿ ಅತ್ಯಂತ ಸಲೀಸು ಕೆಲಸ, ಅತ್ಯಂತ ಅಪಾಯದ್ದೂ ಹೌದು. ಡಿ ಡ್ರೈವಿನಲ್ಲಿ ಎಲ್ಲ ಇದೆ ತಾನೆ ಎಂದು ಕೇಳಿ ಸಿ ಡ್ರೈವ್ ಅಳಿಸಿಬಿಡುತ್ತಾರೆ. ಆದರೆ ಜನ ಸೇವ್ ಮಾಡುವುದು ಡೆಸ್ಕ್‌ಟಾಪಿನಲ್ಲಿ, ಮೈ ಡಾಕ್ಯುಮೆಂಟ್ಸಿನಲ್ಲಿ. ಎರಡೂ ಇರುವುದು ಸಿ ಡ್ರೈವಿನಲ್ಲೇ. ಟ್ಯಾಲಿಯ ಲೆಕ್ಕವೂ ಎಷ್ಟೋ ಕಡೆ ಅಲ್ಲೇ ಕೂತಿರುತ್ತದೆ. ಕನ್ನಡದ ಕೆಲಸ ಮಾಡುವವರಿಗೆ ಇದರ ಮೇಲೆ ಇನ್ನೊಂದು ತೊಡಕು. ಪೇಟೆಯಲ್ಲಿ ಲಗ್ನಪತ್ರಿಕೆ, ಕರಪತ್ರ ಮಾಡಿಕೊಡುವ ಡಿಟಿಪಿ ಅಂಗಡಿಯ ಅಕ್ಕನೊಬ್ಬರು ಒಂದು ದಿನ ಕಣ್ಣಲ್ಲಿ ನೀರು ತುಂಬಿಕೊಂಡು ಬಂದರು. ಬೇರೆಲ್ಲೋ ಫಾರ್ಮ್ಯಾಟ್ ಮಾಡಿಸಿದ್ದರು. ಫೈಲುಗಳೆಲ್ಲ ಉಳಿದಿದ್ದವು, ತೆರೆದರೆ ಮಾತ್ರ ಪುಟದ ತುಂಬ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೊಜ್ಜು.

ಅವರು ದುಡಿದದ್ದು ಯೂನಿಕೋಡಿನ ಹಿಂದಿನ ಫಾಂಟುಗಳಲ್ಲಿ. ಕನ್ನಡ ಗಣಕ ಪರಿಷತ್ತಿನ ನುಡಿ, ಶೇಷಾದ್ರಿ ವಾಸು ಅವರ ಬರಹ, ಪ್ರೆಸ್ಸುಗಳ ಶ್ರೀಲಿಪಿ, ಈ ಎಲ್ಲದರ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ಕಾಗುಣಿತದ ತುಂಡುಗಳನ್ನು ಕೂರಿಸುತ್ತಿದ್ದವು. ಫಾಂಟ್ ಇದ್ದರೆ ಕನ್ನಡ. ಫಾಂಟ್ ಹೋದರೆ ಒಳಗಿನ ಇಂಗ್ಲಿಷ್ ಗುರುತುಗಳಷ್ಟೇ ಕಾಣುತ್ತವೆ. ಯಾವ ಫೈಲು ಯಾವ ಫಾಂಟಿನದು ಎಂದು ಪತ್ತೆ ಹಚ್ಚಬೇಕಿತ್ತು. ಅಕ್ಕ ತಮ್ಮ ಹಳೆಯ ಲಗ್ನಪತ್ರಿಕೆಗಳ ಕಟ್ಟು ತಂದರು. ಅಚ್ಚಾದ ಪತ್ರಿಕೆಯ ‘ಶ್ರೀ’ ಅಕ್ಷರದ ಬಳುಕು ನೋಡಿ ಫಾಂಟ್ ಗುರುತಿಸುತ್ತಾ, ಇಬ್ಬರೂ ಕೂತು ಒಂದೊಂದಾಗಿ ವಾಪಸು ತಂದೆವು. ಊರಿನ ಎಷ್ಟೊಂದು ಮದುವೆಗಳು, ಗೃಹಪ್ರವೇಶಗಳು, ವೈಕುಂಠ ಸಮಾರಾಧನೆಗಳು ಆ ಫೋಲ್ಡರುಗಳಲ್ಲಿದ್ದವು! ಮರುವರ್ಷ ಅದೇ ದೇವಸ್ಥಾನದವರು ಬಂದು ‘ಹೋದ ಸಲದ್ದೇ ಇರಲಿ, ತಾರೀಕು ಬದಲಿಸಿ’ ಅಂದಾಗ ಆ ಫೈಲು ಇರಬೇಕು; ಅಕ್ಕನ ಹೊಟ್ಟೆಪಾಡು ನಿಂತಿರುವುದು ಅದರ ಮೇಲೆ. ಅಂದಿನಿಂದ ನನ್ನ ಗೋಡೆಯ ಮೇಲೆ ಒಂದು ಪಟ್ಟಿ ಇದೆ: ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಫಾಂಟ್ಸ್ ಫೋಲ್ಡರ್, ಟ್ಯಾಲಿ, ಪ್ರಿಂಟರಿನ ಡ್ರೈವರ್, ಮೇಲ್. ಈ ಆರನ್ನೂ ಬೇರೆ ಡಿಸ್ಕಿಗೆ ಇಳಿಸಿ, ತೆರೆದು ನೋಡಿ, ಗಿರಾಕಿಯ ಸಹಿ ತೆಗೆದುಕೊಂಡ ಮೇಲೆಯೇ ಫಾರ್ಮ್ಯಾಟ್. ಈಗ ಅಂಗಡಿಯಲ್ಲಿರುವ ಹುಡುಗರು ಮಧ್ಯಾಹ್ನದ ಊಟಕ್ಕೆ ತಡವಾಗುತ್ತದೆ ಎಂದು ಗೊಣಗಿದರೂ ಈ ಪಟ್ಟಿ ಬಿಡುವಂತಿಲ್ಲ.

ಇಷ್ಟಾದರೂ ಎಎಂಸಿಗಳು ಅಣ್ಣನವೇ ಆಗಿದ್ದವು. ಬಿಡಿ ಗಿರಾಕಿಗಳಿಂದ ಬಾಡಿಗೆ, ಮನೆ ಖರ್ಚು ಸಾಗುತ್ತಿತ್ತು, ಒಬ್ಬ ಹುಡುಗನನ್ನು ಇಟ್ಟುಕೊಳ್ಳಲು ಆಗುತ್ತಿರಲಿಲ್ಲ. ಅಂಗಡಿ ಬೆಳೆದದ್ದು ಹೊಳೆಯಾಚೆಯಿಂದ.

ಸಾಗರದವರಿಗೆ ಹೊಳೆಯಾಚೆ ಅಂದರೆ ಶರಾವತಿ ಹಿನ್ನೀರಿನ ಆಚೆ ದಡದ ತುಮರಿ ಸೀಮೆ. ಲಿಂಗನಮಕ್ಕಿ ಅಣೆಕಟ್ಟಿನ ನೀರು ನಿಂತ ಮೇಲೆ ಆ ಕಡೆಯವರಿಗೆ ಪೇಟೆಗೆ ಬರಲು ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಲಾಂಚೇ ಗತಿಯಾಯಿತು. ಸಿಗಂದೂರಿಗೆ ಹೋಗುವ ಭಕ್ತರಿಗೆ ಲಾಂಚಿನ ಪಯಣ ಸಂಭ್ರಮವಾಗಿತ್ತು. ಅಲ್ಲೇ ಬದುಕುವವರಿಗೆ ಅದು ದಿನದ ಲೆಕ್ಕಾಚಾರವಾಗಿತ್ತು. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಆಚೆಯವರು ಆಚೆ, ಈಚೆಯವರು ಈಚೆ. ಒಂದು ಪ್ರಿಂಟರ್ ನೋಡಿ ಬರಲು ಇಡೀ ದಿನ ಬೇಕಿತ್ತು. ಪೇಟೆಯಲ್ಲೇ ಕೈ ತುಂಬ ಕೆಲಸವಿರುವ ಅಂಗಡಿಗೆ ಅದು ಗಿಟ್ಟುತ್ತಿರಲಿಲ್ಲ.

ಒಂದು ಜುಲೈಯಲ್ಲಿ ಆ ಕಡೆಯ ಸೊಸೈಟಿಯೊಂದರ ಸೆಕ್ರೆಟರಿ ಫೋನ್ ಮಾಡಿದರು. ‘ಪಾಸ್‌ಬುಕ್ ಪ್ರಿಂಟರ್ ಅಕ್ಷರ ನುಂಗ್ತಾ ಇದೆ ಮಾರಾಯ್ರೇ. ಬೆಳೆ ಸಾಲದ ಹೊತ್ತು. ಪೇಟೆ ಅಂಗಡಿಗೆ ಹೇಳಿ ವಾರ ಆಯ್ತು. ನೀವು ಬರ್ತೀರಾ?’ ಪೇಟೆ ಅಂಗಡಿ ಅಂದರೆ ಅಣ್ಣನದು, ಎಎಂಸಿಯೂ ಅವರದೇ. ನಾನು ನೇರ ಲಾಂಚಿಗೆ ಹೋಗಲಿಲ್ಲ, ಮೊದಲು ಅಣ್ಣನ ಅಂಗಡಿಗೆ ಹೋದೆ.

‘ಅಣ್ಣಾ, ಹೊಳೆಯಾಚೆ ಸೊಸೈಟಿಯಿಂದ ನಂಗೆ ಫೋನ್ ಬಂದಿತ್ತು. ನಿಮ್ಮ ಎಎಂಸಿ ಅದು. ನೀವು ಹೇಳಿದ್ರೆ ಹೋಗ್ತೀನಿ, ಇಲ್ಲಾಂದ್ರೆ ಇಲ್ಲ.’

ಅವರು ಬಿಲ್ ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ‘ಹೋಗಿ ಬಾ. ಅದರ ದುಡ್ಡು ನಾನು ಕೊಡಿಸ್ತೀನಿ.’

ಹಿಂದಿನ ದಿನದಿಂದ ಸುರಿಯುತ್ತಿದ್ದ ಮಳೆ ಬಿಟ್ಟಿರಲಿಲ್ಲ. ಉಪಕರಣಗಳನ್ನು ಎರಡು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬೈಕ್ ಸಮೇತ ಲಾಂಚ್ ಹತ್ತಿದೆ. ಸೊಸೈಟಿಯ ಜಗಲಿಯಲ್ಲಿ ಕಂಬಳಿಕೊಪ್ಪೆ, ಕೊಡೆಗಳು ಸಾಲಾಗಿ ಕೂತಿದ್ದವು. ಒಳಗೆ ಮೇಜಿನ ಮೇಲೆ ಪಾಸ್‌ಬುಕ್ಕುಗಳ ರಾಶಿ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಹೆಡ್ಡಿನಲ್ಲಿ ಮೇಲಿಂದ ಕೆಳಗೆ ಪಿನ್ನುಗಳ ಸಾಲು ಇರುತ್ತದೆ. ಒಂದು ಪಿನ್ ಕೆಲಸ ನಿಲ್ಲಿಸಿದರೂ ಸಾಲಿನುದ್ದಕ್ಕೂ ಎಲ್ಲ ಅಕ್ಷರಗಳ ಒಂದೇ ಎತ್ತರದಲ್ಲಿ ಬಿಳಿ ಗೆರೆ ಬೀಳುತ್ತದೆ. 8 ಯಾವುದು 0 ಯಾವುದು ತಿಳಿಯುವುದಿಲ್ಲ. ಸಾಲದ ಪುಸ್ತಕದಲ್ಲಿ 8ಕ್ಕೂ 0ಗೂ ಇರುವ ಅಂತರ ಜಗಲಿಯ ಮೇಲೆ ಕೂತವರಿಗೆ ಚೆನ್ನಾಗಿ ಗೊತ್ತು. ಹೆಡ್ ಬಿಚ್ಚಿದೆ. ಪಿನ್ ಮುರಿದಿರಲಿಲ್ಲ, ರಿಬ್ಬನ್ನಿನ ಮಸಿಯೂ ಕಾಗದದ ದೂಳೂ ತೇವಕ್ಕೆ ಸೇರಿ ಗಟ್ಟಿಯಾಗಿ ಅದನ್ನು ಹಿಡಿದುಕೊಂಡಿತ್ತು. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಹೆಡ್ಡಿನ ತುದಿ ನೆನೆಸಿಟ್ಟು, ಹತ್ತಿ ಬಟ್ಟೆಯಲ್ಲಿ ಒತ್ತಿ ಒತ್ತಿ ಮಸಿ ಇಳಿಸಿದೆ. ರಿಬ್ಬನ್ ಬದಲಿಸಿ ಸೆಲ್ಫ್ ಟೆಸ್ಟ್ ಕೊಟ್ಟಾಗ ಅಕ್ಷರ ಇಡಿಯಾಗಿ ಬಂತು. ಸೆಕ್ರೆಟರಿ ಆ ಕಾಗದವನ್ನು ಎತ್ತಿ ಜಗಲಿಯವರಿಗೆ ತೋರಿಸಿದರು. ಕೊನೆಯ ಲಾಂಚಿನ ತನಕ ಅಲ್ಲೇ ಇದ್ದು, ಪಾಸ್‌ಬುಕ್ ರಾಶಿ ಮುಗಿಯುವುದನ್ನು ನೋಡಿಕೊಂಡು ಬಂದೆ.

ಮರುವರ್ಷ ಎಎಂಸಿ ನವೀಕರಿಸುವ ಹೊತ್ತಿಗೆ ಅಣ್ಣನೇ ಸೊಸೈಟಿಗೆ ಹೇಳಿದರಂತೆ, ಹೊಳೆಯಾಚೆಯದು ಆ ಹುಡುಗನಿಗೆ ಕೊಡಿ ಎಂದು. ಒಂದು ಸೊಸೈಟಿಯಿಂದ ಇನ್ನೊಂದಕ್ಕೆ, ಗ್ರಾಮ ಪಂಚಾಯಿತಿಗೆ, ಶಾಲೆಗೆ ಸುದ್ದಿ ಹೋಯಿತು. ವಾರದಲ್ಲಿ ಒಂದು ದಿನ ಹೊಳೆಯಾಚೆ ಎಂದು ಗೊತ್ತುಮಾಡಿದೆ. ಆ ದಿನ ಬರುತ್ತೇನೆಂದರೆ ಮಳೆಯಿರಲಿ ಬಿಸಿಲಿರಲಿ ಬಂದೇ ಬರುತ್ತೇನೆ ಎಂಬುದೊಂದೇ ನಾನು ಕೊಟ್ಟ ಮಾತು. ಆ ದುಡಿಮೆಯಿಂದ ಹುಡುಗನೊಬ್ಬನನ್ನು ಇಟ್ಟುಕೊಂಡೆ, ಹಾಟ್ ಏರ್ ಸ್ಟೇಷನ್ ಕೊಂಡೆ, ಬಯಾಸ್ ಬರೆಯುವ ಪ್ರೋಗ್ರಾಮರ್ ತಂದೆ. ಗುಜರಿಯವರ ಹತ್ತಿರ ತೂಕದ ಲೆಕ್ಕದಲ್ಲಿ ಹಳೆಯ ಬೋರ್ಡುಗಳನ್ನು ಆರಿಸಿಕೊಂಡು ಬರತೊಡಗಿದೆ. ಒಂದರ ಸತ್ತ ಚಿಪ್ ಇರುವಲ್ಲಿಗೆ ಇನ್ನೊಂದರ ಬದುಕಿದ ಚಿಪ್ ಕೂರಿಸುವ ಕೆಲಸದಲ್ಲಿ ನನಗಿರುವಷ್ಟು ಆನಂದ ಬೇರೆ ಯಾವುದರಲ್ಲೂ ಇಲ್ಲ.

ಅದಾದ ಮೇಲೆ ಒಂದು ಭರಣಿ ಮಳೆಯ ವಾರ, ಅಣ್ಣ ತಾವೇ ನನ್ನ ಮೆಟ್ಟಿಲು ಹತ್ತಿ ಬಂದರು. ಕಂಕುಳಲ್ಲಿ ಮೂರು ಲ್ಯಾಪ್‌ಟಾಪ್ ಬೋರ್ಡು.

‘ಚಿಪ್ ಕೆಲಸ ನಮ್ಮ ಹುಡುಗರ ಕೈಲಿ ಆಗ್ತಾ ಇಲ್ಲ ಮಾರಾಯ. ನೀನು ನೋಡ್ತೀಯಾ?’

‘ನೋಡ್ತೀನಿ ಅಣ್ಣಾ. ಬಿಲ್ಲು ನಿಮ್ಮ ಹೆಸರಿಗಾ, ಗಿರಾಕಿ ಹೆಸರಿಗಾ?’

‘ನನ್ನ ಹೆಸರಿಗೇ ಹಾಕು. ನೀನು ಎಷ್ಟು ಹಾಕ್ತೀಯ ಅಂತ ನಾನು ಚೌಕಾಸಿ ಮಾಡೋದಿಲ್ಲ. ನಾನು ಎಷ್ಟು ತಗೊಳ್ತೀನಿ ಅಂತ ನೀನು ಕೇಳಬೇಡ.’

ಆ ಮಾತು ಈಗಲೂ ಹಾಗೇ ನಡೆಯುತ್ತಿದೆ. ಹೊಸ ಯಂತ್ರ ಬೇಕೆಂದು ನನ್ನಲ್ಲಿಗೆ ಬಂದವರನ್ನು ನಾನು ಅವರ ಅಂಗಡಿಗೆ ಕಳಿಸುತ್ತೇನೆ. ಹೊಸ ಯಂತ್ರದ ಮಾರಾಟದಲ್ಲಿ ಉಳಿಯುವುದು ಬಹಳ ಕಡಿಮೆ. ಅದಕ್ಕೆ ಬಂಡವಾಳ ಬೇಕು, ಗೋಡೌನ್ ಬೇಕು, ಕಂಪನಿಯವರ ಜೊತೆ ಗುದ್ದಾಡುವ ತಾಕತ್ತು ಬೇಕು. ಅದು ಅವರಿಗಿದೆ. 2020ರ ಮಾರ್ಚಿನ ಲಾಕ್‌ಡೌನ್ ಆದ ಮೇಲೆ, ಮಕ್ಕಳ ಆನ್‌ಲೈನ್ ಕ್ಲಾಸಿಗಾಗಿ ಮನೆಮನೆಯವರೂ ಅಟ್ಟದ ಮೇಲಿದ್ದ ಲ್ಯಾಪ್‌ಟಾಪ್ ಇಳಿಸಿ ತಂದಾಗ, ಬೆಂಗಳೂರಿನಿಂದ ಮಾಲು ಬರುತ್ತಿರಲಿಲ್ಲ. ಅವರ ಗೋಡೌನಿನ ಅಡಾಪ್ಟರುಗಳು, ನನ್ನ ಹಳೆಯ ರ‍್ಯಾಮುಗಳು ಎರಡು ಅಂಗಡಿಗಳ ನಡುವೆ ಓಡಾಡಿದವು. ಗುಡ್ಡ ಹತ್ತಿ ನೆಟ್‌ವರ್ಕ್ ಹುಡುಕುತ್ತಿದ್ದ ಮಕ್ಕಳಿಗೆ ಬ್ಯಾಟರಿ ಎರಡು ಗಂಟೆ ನಿಂತರೂ ದೊಡ್ಡದಾಗಿತ್ತು.

ಹೀಗಿದ್ದೂ ನಾವು ಒಂದೇ ಅಂಗಡಿಯವರಲ್ಲ. ಒಂದು ವಿಷಯದಲ್ಲಿ ನಮಗೆ ಯಾವತ್ತೂ ಒಮ್ಮತವಿಲ್ಲ: ಹಳೆಯದನ್ನು ಎಲ್ಲಿಯವರೆಗೆ ಓಡಿಸಬಹುದು ಎಂಬುದು. 2014ರ ಏಪ್ರಿಲ್ 8ರಂದು ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟಿನ ಬೆಂಬಲ ನಿಂತಾಗ ಅಣ್ಣ ಹಳೆಯದನ್ನೆಲ್ಲ ತೆಗೆಯಿರಿ ಅಂದರು. 512 ಎಂಬಿ ರ‍್ಯಾಮಿನ ಪೆಂಟಿಯಮ್ 4 ಯಂತ್ರಗಳ ಮಟ್ಟಿಗೆ ಅವರದ್ದೇ ಸರಿ. ನಾನೂ ಅದನ್ನೇ ಹೇಳಿದೆ. ಆದರೆ ಎಸ್‌ಎಸ್‌ಡಿ ಜನರ ಕೈಗೆಟಕುವ ಬೆಲೆಗೆ ಇಳಿದ ಮೇಲೆ ಲೆಕ್ಕ ಬದಲಾಯಿತು. ಆನ್ ಆಗಲು ಐದು ನಿಮಿಷ ತಿನ್ನುತ್ತಿದ್ದ ಐ3 ಲ್ಯಾಪ್‌ಟಾಪಿಗೆ ಹಾರ್ಡ್‌ಡಿಸ್ಕ್ ತೆಗೆದು 240 ಜಿಬಿ ಎಸ್‌ಎಸ್‌ಡಿ ಹಾಕಿ, ಫ್ಯಾನಿನ ದೂಳು ತೆಗೆದು, ಪ್ರೊಸೆಸರಿಗೆ ಹೊಸ ಪೇಸ್ಟ್ ಹಚ್ಚಿದರೆ ಅರ್ಧ ನಿಮಿಷದೊಳಗೆ ಎದ್ದು ಕೂರುತ್ತದೆ. ನನ್ನ ಅಂಗಡಿಯಲ್ಲಿ ಕೆಲವು ವರ್ಷ ಅತಿ ಹೆಚ್ಚು ನಡೆದ ಕೆಲಸ ಇದೇ. ಹೊಸದಕ್ಕೆ ನಲವತ್ತು ಸಾವಿರ ಹೊಂದಿಸಬೇಕಿದ್ದ ಕಾಲೇಜು ಹುಡುಗಿ ಮೂರು ಸಾವಿರದಲ್ಲಿ ಡಿಗ್ರಿ ಮುಗಿಸುತ್ತಾಳೆ ಅನ್ನುವುದು ನನಗೆ ಸಣ್ಣ ಸಂಗತಿಯಲ್ಲ.

ಈಗ ಮತ್ತೆ ಅದೇ ಪ್ರಶ್ನೆ ಬಂದಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಸುರಕ್ಷತಾ ಚಿಪ್ ಬೇಕು, ಇಂಟೆಲ್ ಆದರೆ ಎಂಟನೇ ಜನರೇಷನ್ನಿನದು ಅಥವಾ ಅದರ ನಂತರದ್ದಿರಬೇಕು. ಏಳನೇ ಜನರೇಷನ್ನಿನ ಗಟ್ಟಿಮುಟ್ಟಾದ ಯಂತ್ರಗಳು ಒಂದೇ ದಿನಕ್ಕೆ ಹಳೆಯವಾದವು. ಅದೇ ವರ್ಷದ ಜುಲೈನಲ್ಲಿ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ ತೆರೆದಿತ್ತು. ಲಾಂಚಿಗೆ ಕಾಯುವ ಕೆಲಸ ತಪ್ಪಿತು. ಅಣ್ಣನ ವ್ಯಾನ್ ಈಗ ಬೆಳಿಗ್ಗೆ ಹೋಗಿ ಮಧ್ಯಾಹ್ನದೊಳಗೆ ವಾಪಸು ಬರುತ್ತದೆ. ಹೊಳೆಯಾಚೆಯ ಜನರಿಗೆ ಇದಕ್ಕಿಂತ ಒಳ್ಳೆಯದು ಬೇರೆ ಆಗಬೇಕಿಲ್ಲ. ಆಂಬುಲೆನ್ಸ್ ಲಾಂಚಿಗಾಗಿ ಕಾಯುತ್ತಿದ್ದ ರಾತ್ರಿಗಳ ಕಥೆಗಳನ್ನು ಅವರ ಬಾಯಿಂದಲೇ ಕೇಳಿದವನು ನಾನು. ನನ್ನ ಅಂಗಡಿಗೆ ಮಾತ್ರ ಅದು ಹೊಸ ಪೈಪೋಟಿ.

ಆ ಪಾಸ್‌ಬುಕ್ ಸೊಸೈಟಿಯವರು ಈ ಸಲ ಇಬ್ಬರಿಂದಲೂ ಕೊಟೇಶನ್ ಕೇಳಿದರು. ಅಣ್ಣ ಎಲ್ಲ ಯಂತ್ರಗಳನ್ನೂ ಹೊಸದು ಮಾಡಿ, ಮೂರು ವರ್ಷ ವಾರಂಟಿ, ಹಳೆಯವನ್ನು ವಾಪಸು ತೆಗೆದುಕೊಳ್ಳುತ್ತೇನೆ ಎಂದು ಬರೆದುಕೊಟ್ಟಿದ್ದಾರೆ. ನಾನು ಬರೆದದ್ದು ಬೇರೆ: ಸಾಲದ ಲೆಕ್ಕ, ಪಾಸ್‌ಬುಕ್ ನಡೆಯುವ ಯಂತ್ರಗಳು ಹೊಸವಾಗಲೇಬೇಕು, ಅಲ್ಲಿ ಸುರಕ್ಷತೆಯ ವಿಷಯದಲ್ಲಿ ರಾಜಿಯಿಲ್ಲ; ಗೊಬ್ಬರದ ದಾಸ್ತಾನು, ಪತ್ರ ವ್ಯವಹಾರಕ್ಕಿರುವ ಉಳಿದವಕ್ಕೆ ಎಸ್‌ಎಸ್‌ಡಿ ಹಾಕಿ ಲಿನಕ್ಸ್ ಕೂರಿಸಿ, ಅದರಲ್ಲಿ ಕನ್ನಡ ಯೂನಿಕೋಡ್ ಟೈಪಿಂಗ್ ನಾನೇ ಬಂದು ಕಲಿಸಿಕೊಡುತ್ತೇನೆ. ಖರ್ಚು ಅವರದ್ದರ ಅರ್ಧಕ್ಕಿಂತ ಕಡಿಮೆ ಬರುತ್ತದೆ. ಗುಮಾಸ್ತರಿಗೆ ಹೊಸ ಪದ್ಧತಿ ಒಗ್ಗುವುದಿಲ್ಲ ಎಂಬುದು ಅಣ್ಣನ ವಾದ. ಅದರಲ್ಲೂ ಹುರುಳಿದೆ, ಅದಕ್ಕೇ ಕಲಿಸುವ ದಿನಗಳನ್ನೂ ಕೊಟೇಶನ್ನಿನಲ್ಲಿ ಸೇರಿಸಿದ್ದೇನೆ. ಆಡಳಿತ ಮಂಡಳಿ ಇನ್ನೂ ತೀರ್ಮಾನಿಸಿಲ್ಲ. ಮೀಟಿಂಗಿಗೆ ಇಬ್ಬರನ್ನೂ ಕರೆದಿದ್ದಾರೆ. ಅಣ್ಣ ಫೋನ್ ಮಾಡಿ, ವ್ಯಾನಿನಲ್ಲಿ ಜಾಗ ಇದೆ, ಬೈಕ್ ಯಾಕೆ ತರ್ತೀಯ, ಒಟ್ಟಿಗೇ ಹೋಗೋಣ ಅಂದಿದ್ದಾರೆ.